ಹೆಗಲ ಹಿಂದಿನ ಹಳೇ ನೋವು: ಅಲ್ಟ್ರಾಸೌಂಡ್ ನೋಡಿಕೊಂಡು ಕೊಡುವ ನರ್ವ್ ಬ್ಲಾಕ್ ಮಾಡಿಸಿಕೊಳ್ಳಬಹುದಾ?

ಪ್ರಶ್ನೆ: ನನಗೆ 43 ವರ್ಷ. ದಾವಣಗೆರೆಯಲ್ಲಿ ಮನೆಯಲ್ಲೇ ಬ್ಲೌಸ್, ಚೂಡಿದಾರ್ ಹೊಲಿಯುತ್ತೇನೆ. ಎರಡು ವರ್ಷದಿಂದ ಬಲಗಡೆ ಕುತ್ತಿಗೆ, ಹೆಗಲು, ರೆಕ್ಕೆ ಮೂಳೆಯ ಒಳಬದಿ ಸೆಳೆಯುತ್ತೆ. ಹೆಗಲ ಮೇಲೆ ಒಂದು ಕಡೆ ಗಂಟಿನ ಹಾಗೆ ಕೈಗೆ ಸಿಗುತ್ತೆ. ಅದನ್ನು ಒತ್ತಿದರೆ ನೋವು ಕಿವಿಯ ಹಿಂದಕ್ಕೆ ಹೋಗುತ್ತೆ. ಎಂಆರ್‌ಐ ಮಾಡಿಸಿದೆ, ಕುತ್ತಿಗೆ ಡಿಸ್ಕ್ ಸ್ವಲ್ಪ ಉಬ್ಬಿದೆ ಅಂತ ಬಂದಿದೆ. ಶುಗರ್ ಇದೆ. ನೋವಿನ ಮಾತ್ರೆ ತಿಂದು ತಿಂದು ಗ್ಯಾಸ್ಟ್ರಿಕ್ ಆಗಿದೆ. ಈಗ ಪೇನ್ ಕ್ಲಿನಿಕ್ ಡಾಕ್ಟರು ಅಲ್ಟ್ರಾಸೌಂಡ್ ನೋಡಿಕೊಂಡು ನರ್ವ್ ಬ್ಲಾಕ್ ಕೊಡೋಣ ಅಂದಿದ್ದಾರೆ. ಕೈ ಬಿದ್ದುಹೋಗುತ್ತಾ? ಪೂರ್ತಿ ವಾಸಿಯಾಗುತ್ತಾ? ಒಂದು ಸಲ ಮಾಡಿಸಿದರೆ ಆಮೇಲೆ ಮಾಡಿಸುತ್ತಲೇ ಇರಬೇಕಾ?

ಉತ್ತರ: ಕೈ ಬಿದ್ದುಹೋಗುವ ಭಯದಿಂದಲೇ ಶುರು ಮಾಡೋಣ. ಅದು ಮನಸ್ಸಿನಲ್ಲಿ ಕೂತಿದ್ದರೆ ಮಿಕ್ಕ ಮಾತು ತಲೆಗೆ ಹೋಗುವುದಿಲ್ಲ. ಈ ಬ್ಲಾಕಿನಲ್ಲಿ ನರವನ್ನು ಕತ್ತರಿಸುವುದಿಲ್ಲ, ಸುಡುವುದಿಲ್ಲ. ಹಲ್ಲು ಕೀಳುವಾಗ ಒಸಡಿಗೆ ಕೊಡುತ್ತಾರಲ್ಲ, ಲಿಗ್ನೊಕೇನ್, ಅದೇ ಔಷಧವನ್ನೋ ಅದಕ್ಕಿಂತ ಹೆಚ್ಚು ಹೊತ್ತು ಇರುವ ಬುಪಿವಕೇನ್‌ನಂಥ ಔಷಧವನ್ನೋ ನರದ ಪಕ್ಕದಲ್ಲಿ ಬಿಡುತ್ತಾರೆ. ಲಿಗ್ನೊಕೇನನ್ನು ಸ್ವೀಡನ್ನಿನ ನಿಲ್ಸ್ ಲಾಫ್‌ಗ್ರೆನ್ 1943ರಲ್ಲಿ ತಯಾರಿಸಿದರು. ಕೆಲವು ವರ್ಷಗಳಲ್ಲೇ ಅದು ಬಳಕೆಗೆ ಬಂತು, ಇಂದಿಗೂ ದಿನನಿತ್ಯ ಬಳಕೆಯಲ್ಲಿದೆ. ನರದೊಳಗೆ ಸಂದೇಶ ಹರಿಯಬೇಕಾದರೆ ಸೋಡಿಯಂ ಒಳಗೆ ನುಗ್ಗಬೇಕು. ಈ ಔಷಧ ಆ ಬಾಗಿಲನ್ನು ಕೆಲವು ಗಂಟೆ ಮುಚ್ಚಿಡುತ್ತದೆ. ಆಮೇಲೆ ಔಷಧ ರಕ್ತಕ್ಕೆ ಸೇರಿ ಲಿವರಿನಲ್ಲಿ ಕರಗಿ ಹೋಗುತ್ತದೆ, ನರ ಮೊದಲಿನಂತೆ ಕೆಲಸ ಮಾಡುತ್ತದೆ. ನಿಮ್ಮ ಹೆಗಲ ಸುತ್ತಿನ ಕೆಲವು ನರಗಳು ಸ್ನಾಯುವನ್ನು ಆಡಿಸುವ ನರಗಳೂ ಹೌದು. ಹಾಗಾಗಿ ಆ ದಿನ ಹೆಗಲು ಭಾರ ಅನ್ನಿಸಬಹುದು, ತೋಳು ಎತ್ತಲು ಸೋಮಾರಿತನ ಮಾಡಬಹುದು. ಅದು ತಾತ್ಕಾಲಿಕ. ಆ ದಿನ ಮೆಷೀನು ತುಳಿಯಬೇಡಿ, ಗಾಡಿ ಓಡಿಸಬೇಡಿ, ಬಿಸಿ ಇಸ್ತ್ರಿಪೆಟ್ಟಿಗೆ ಹಿಡಿಯಬೇಡಿ. ನರಕ್ಕೆ ಶಾಶ್ವತ ಪೆಟ್ಟು ಬೀಳುವುದು ಬಹಳ ಅಪರೂಪ.

ಇನ್ನು ನೋವಿನ ವಿಚಾರ. ನೀವು ಬರೆದ ಲಕ್ಷಣಗಳು ಸ್ನಾಯುವಿನ ನೋವಿಗೆ ಚೆನ್ನಾಗಿ ಹೊಂದುತ್ತವೆ. ಕೈಗೆ ಸಿಗುವ ಬಿಗಿಯಾದ ಎಳೆ, ಅದರ ಮೇಲೊಂದು ಚುಕ್ಕೆಯಷ್ಟು ಜಾಗ, ಒತ್ತಿದರೆ ಬೇರೆ ಕಡೆಗೆ ಹರಿಯುವ ನೋವು. ಇದಕ್ಕೆ ಟ್ರಿಗರ್ ಪಾಯಿಂಟ್ ಅಂತೀವಿ. ಕುತ್ತಿಗೆಯಿಂದ ಹೆಗಲಿಗೆ ಇಳಿಯುವ ಟ್ರೆಪೀಜಿಯಸ್ ಸ್ನಾಯುವಿನ ಗಂಟು ಕಿವಿಯ ಹಿಂದಕ್ಕೆ, ಕಪಾಲಕ್ಕೆ ನೋವು ಕಳಿಸುವುದು ತೀರಾ ಸಾಮಾನ್ಯ. ಯಾವ ಸ್ನಾಯುವಿನ ಗಂಟು ಎಲ್ಲಿಗೆ ನೋವು ಕಳಿಸುತ್ತದೆ ಅನ್ನುವ ನಕ್ಷೆಯನ್ನು ವರ್ಷಗಟ್ಟಲೆ ಕೂತು ಬಿಡಿಸಿದವರು ಅಮೆರಿಕದ ಡಾ. ಜಾನೆಟ್ ಟ್ರಾವೆಲ್. 1961ರಲ್ಲಿ ಅಧ್ಯಕ್ಷ ಕೆನಡಿಯವರು ತಮ್ಮ ವೈದ್ಯರಾಗಿ ನೇಮಿಸಿಕೊಂಡದ್ದು ಇವರನ್ನೇ. ಕೆನಡಿಯವರ ಬೆನ್ನುನೋವಿಗೆ ಅವರು ಸ್ನಾಯುವಿಗೇ ಇಂಜೆಕ್ಷನ್ ಕೊಡುತ್ತಿದ್ದರು. ಆಗ ಇದಕ್ಕೆಲ್ಲ ಅಲ್ಟ್ರಾಸೌಂಡ್ ಬಳಸುತ್ತಿರಲಿಲ್ಲ, ಬೆರಳ ತುದಿಯೇ ಎಲ್ಲ. ಈಗಲೂ ನಿಮ್ಮ ಡಾಕ್ಟರು ಮೊದಲು ಬೆರಳಿಟ್ಟು ಹುಡುಕಬೇಕು. ಗಂಟನ್ನು ಕೈಯಿಂದ ಮುಟ್ಟದೆ, ಬರೀ ರಿಪೋರ್ಟ್ ನೋಡಿ ಬ್ಲಾಕ್ ಬರೆದುಕೊಟ್ಟರೆ ನಾನು ಒಪ್ಪುವುದಿಲ್ಲ.

ಎಂಆರ್‌ಐ ನೋಡಿ ಗಾಬರಿಯಾಗಬೇಡಿ. 2015ರಲ್ಲಿ ಜಪಾನಿನಲ್ಲಿ ಯಾವ ತೊಂದರೆಯೂ ಇಲ್ಲದ 1,211 ಜನರ ಕುತ್ತಿಗೆ ಎಂಆರ್‌ಐ ತೆಗೆದ ಅಧ್ಯಯನ ಪ್ರಕಟವಾಯಿತು. ಅವರಲ್ಲಿ ಶೇ. 87ಕ್ಕೂ ಜಾಸ್ತಿ ಜನಕ್ಕೆ ಡಿಸ್ಕ್ ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ಬಹುಪಾಲು ಜನಕ್ಕೆ ಇತ್ತು. ಅಂದರೆ 43ನೇ ವಯಸ್ಸಿಗೆ ಡಿಸ್ಕ್ ಸ್ವಲ್ಪ ಉಬ್ಬಿದೆ ಅನ್ನುವುದೊಂದರಿಂದಲೇ ನಿಮ್ಮ ನೋವಿಗೆ ಅದೇ ಕಾರಣ ಅನ್ನಲು ಆಗುವುದಿಲ್ಲ. ಆದರೆ ಕೈಬೆರಳಿನವರೆಗೆ ಜೋಮು ಬರುತ್ತಿದ್ದರೆ, ಕತ್ತರಿ ಹಿಡಿತ ಸಡಿಲವಾಗಿದ್ದರೆ, ನಡೆಯುವಾಗ ಕಾಲು ತಪ್ಪುತ್ತಿದ್ದರೆ ಮಾತು ಬೇರೆ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿ ನೋವು ಇದ್ದರೂ ಅಷ್ಟೇ. ಮೊದಲು ಅದರ ತನಿಖೆ ಆಗಬೇಕು, ಬ್ಲಾಕ್ ಆಮೇಲೆ.

ನಿಮಗೆ ಶುಗರ್ ಇರುವುದರಿಂದ ಇನ್ನೊಂದು ಪರೀಕ್ಷೆ ಮನೆಯಲ್ಲೇ ಮಾಡಿಕೊಳ್ಳಿ. ಬಲಗೈಯನ್ನು ಬೆನ್ನ ಹಿಂದೆ ತೆಗೆದುಕೊಂಡು ಹೋಗಿ, ಬ್ಲೌಸಿನ ಹಿಂದಿನ ಹುಕ್ಕು ಹಾಕುವಷ್ಟು ಎತ್ತರಕ್ಕೆ. ಎಡಗೈ ಹೋಗುವ ಜಾಗಕ್ಕೆ ಬಲಗೈ ಹೋಗುತ್ತದಾ? ಬೇರೆಯವರು ಎತ್ತಲು ನೋಡಿದರೂ ತೋಳು ಒಂದು ಹಂತದಲ್ಲಿ ಕಚ್ಚಿಕೊಂಡು ನಿಲ್ಲುತ್ತದಾ? ಹಾಗಿದ್ದರೆ ಅದು ಫ್ರೋಜನ್ ಶೋಲ್ಡರ್ ಇರಬಹುದು. ಶುಗರ್ ಇರುವವರಲ್ಲಿ ಅದು ಜಾಸ್ತಿ. ಅದಕ್ಕೂ ಬ್ಲಾಕ್ ಇದೆ, ಆದರೆ ಬೇರೆ ನರಕ್ಕೆ. ರೆಕ್ಕೆ ಮೂಳೆಯ ಮೇಲಂಚಿನಲ್ಲಿ ಹಾದುಹೋಗುವ ಸುಪ್ರಾಸ್ಕ್ಯಾಪ್ಯುಲರ್ ನರಕ್ಕೆ ಕೊಡುತ್ತೇವೆ. ಹೆಗಲ ಕೀಲಿನ ನೋವಿಗೆ ಅದು ಚೆನ್ನಾಗಿ ಅಧ್ಯಯನವಾದ ಬ್ಲಾಕ್. ಜೊತೆಗೆ ಒಮ್ಮೆ ಥೈರಾಯ್ಡ್, ವಿಟಮಿನ್ ಡಿ, ಬಿ12 ನೋಡಿಸಿ. ಕೊಲೆಸ್ಟರಾಲಿಗೆ ಸ್ಟಾಟಿನ್ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ. ಇವುಗಳಲ್ಲಿ ಯಾವುದಾದರೂ ಒಂದು ಮೈನೋವನ್ನು ಎಳೆದಾಡಿಸುತ್ತಿರಬಹುದು.

ಈಗ ಬ್ಲಾಕಿಗೆ ಬರೋಣ. ನಿಮ್ಮ ಜಾಗದಲ್ಲಿ ಸ್ನಾಯುಗಳು ಬಾಳೆದಿಂಡಿನ ಪಟ್ಟೆಗಳ ಹಾಗೆ ಒಂದರ ಮೇಲೊಂದು ಕೂತಿವೆ. ಮೇಲೆ ಟ್ರೆಪೀಜಿಯಸ್, ಅದರಡಿ ರಾಂಬಾಯ್ಡ್ ಮತ್ತು ಲೆವೇಟರ್ ಸ್ಕ್ಯಾಪ್ಯುಲೆ, ಬೆನ್ನೆಲುಬಿನ ಪಕ್ಕದಲ್ಲಿ ಇನ್ನೂ ಕೆಳಗೆ ಬೆನ್ನನ್ನು ನೆಟ್ಟಗೆ ಹಿಡಿಯುವ ಉದ್ದ ಸ್ನಾಯು, ಎರೆಕ್ಟರ್ ಸ್ಪೈನೆ. ಎರಡು ಪದರಗಳ ನಡುವೆ ಬಿಳಿಯ ತೆಳು ಪೊರೆ. ಸಣ್ಣ ಸಣ್ಣ ನರಗಳು ಈ ಪೊರೆಗಳ ಸಂದಿಯಲ್ಲೇ ಓಡಾಡುತ್ತವೆ. ಆದ್ದರಿಂದ ಒಂದೊಂದು ನರವನ್ನು ಹುಡುಕುವ ಬದಲು ಸರಿಯಾದ ಸಂದಿಯಲ್ಲಿ ಔಷಧ ಬಿಟ್ಟರೆ ಅದೇ ಹರಡಿಕೊಂಡು ನರಗಳನ್ನು ತಲುಪುತ್ತದೆ. ಈಗ ಎಲ್ಲ ಕಡೆ ಕೇಳಿಬರುವ ಎರೆಕ್ಟರ್ ಸ್ಪೈನೆ ಬ್ಲಾಕ್ ಈ ಜಾತಿಯದೇ. 2016ರಲ್ಲಿ ಕೆನಡಾದ ವೈದ್ಯರು ಅದನ್ನು ಮೊದಲು ವರದಿ ಮಾಡಿದ್ದು ಎದೆಗೂಡಿನ ಹಳೇ ನರನೋವಿಗೆ. ಆಮೇಲೆ ಆಪರೇಷನ್ ನೋವಿಗೆ, ಪಕ್ಕೆಲುಬು ಮುರಿತಕ್ಕೆ, ಈಗ ನಿಮ್ಮಂಥ ಸ್ನಾಯು ನೋವಿಗೂ ಬಂದಿದೆ. ಒಂದು ಮಾತು ಬಿಚ್ಚಿ ಹೇಳಬೇಕು: ಆಪರೇಷನ್ ನೋವಿಗೆ ಇಂಥ ಬ್ಲಾಕ್‌ಗಳ ಪುರಾವೆ ಗಟ್ಟಿಯಾಗಿದೆ. ಹಳೇ ಸ್ನಾಯು ನೋವಿಗೆ ಇರುವ ಅಧ್ಯಯನಗಳು ಸಣ್ಣವು, ಹೆಚ್ಚಿನವು ಕೆಲವು ವಾರಗಳ ಫಲಿತಾಂಶವನ್ನಷ್ಟೇ ಹೇಳುತ್ತವೆ. ಅನೇಕರಿಗೆ ಉಪಯೋಗವಾಗುತ್ತದೆ. ‘ಗ್ಯಾರಂಟಿ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಅಲ್ಟ್ರಾಸೌಂಡ್ ಯಾಕೆ ಬೇಕು ಅನ್ನುವುದು ಆ ಪರದೆ ನೋಡಿದರೆ ತಿಳಿಯುತ್ತದೆ. ನಿಮ್ಮನ್ನು ಬೋರಲು ಮಲಗಿಸುತ್ತಾರೆ, ಇಲ್ಲವೇ ಕುರ್ಚಿಯಲ್ಲಿ ಮುಂದಕ್ಕೆ ಬಾಗಿಸಿ ಕೂರಿಸುತ್ತಾರೆ. ಚರ್ಮ ಒರೆಸಿ, ತಣ್ಣನೆಯ ಜೆಲ್ ಹಚ್ಚಿ ಪ್ರೋಬ್ ಇಡುತ್ತಾರೆ. ಪರದೆಯ ಮೇಲ್ತುದಿಯಲ್ಲಿ ಚರ್ಮ, ಕೊಬ್ಬು. ಅದರ ಕೆಳಗೆ ಬೂದು ಬಣ್ಣದಲ್ಲಿ ಸಣ್ಣ ಗೀರುಗಳಿರುವ ಪಟ್ಟಿ, ಅದು ಟ್ರೆಪೀಜಿಯಸ್. ಆಮೇಲೆ ಹೊಳೆಯುವ ಬಿಳಿ ಗೆರೆ, ಮತ್ತೆ ಬೂದು ಪಟ್ಟಿ. ಇನ್ನೂ ಕೆಳಗೆ ಕಮಾನಿನಂತೆ ಬಿಳಿಯಾಗಿ ಹೊಳೆಯುವುದು ಪಕ್ಕೆಲುಬು. ಅದರ ಹಿಂದೆ ಕಪ್ಪು ನೆರಳು, ಯಾಕೆಂದರೆ ಶಬ್ದದ ಅಲೆ ಮೂಳೆ ದಾಟುವುದಿಲ್ಲ. ಎರಡು ಪಕ್ಕೆಲುಬುಗಳ ನಡುವೆ ಇನ್ನೊಂದು ಹೊಳೆಯುವ ಗೆರೆ, ನೀವು ಉಸಿರಾಡಿದಂತೆ ಆಚೀಚೆ ಜಾರುತ್ತಿರುತ್ತದೆ. ಅದು ಶ್ವಾಸಕೋಶದ ಪೊರೆ. ತೆಳ್ಳಗಿನವರಲ್ಲಿ ಚರ್ಮದಿಂದ ಆ ಪೊರೆಗೆ ಕೆಲವೇ ಸೆಂಟಿಮೀಟರ್. ಹೆಗಲ ಹಿಂದೆ ಕಣ್ಣುಮುಚ್ಚಿ ಸೂಜಿ ಹಾಕುವಾಗ ನಾವು ಹೆದರುವುದೇ ಈ ಗೆರೆಗೆ. ಪರದೆಯಲ್ಲಿ ಸೂಜಿ ಬಿಳಿ ಗೀಟಿನಂತೆ ಓರೆಯಾಗಿ ಒಳಗೆ ಬರುತ್ತದೆ. ತುದಿ ಸ್ನಾಯು ಪದರಗಳ ನಡುವಿನ ಬಿಳಿ ಪೊರೆಗೆ ಮುಟ್ಟಿದಾಗ ಒಂದೆರಡು ಹನಿ ಸಲೈನ್ ಬಿಟ್ಟು ನೋಡುತ್ತೇವೆ. ಜಾಗ ಸರಿಯಿದ್ದರೆ ಎರಡು ಪದರಗಳು ಬಿಡಿಸಿಕೊಂಡು ನಡುವೆ ಕಪ್ಪಗೆ ಒಂದು ಸಂದಿ ತೆರೆಯುತ್ತದೆ. ಔಷಧ ಅಲ್ಲಿಗೆ. ಜಾಗ ತಪ್ಪಿದ್ದರೆ ಸ್ನಾಯುವೇ ಉಬ್ಬುತ್ತದೆ, ಆಗ ಸೂಜಿಯನ್ನು ಸರಿಸುತ್ತೇವೆ. ಗಂಟಿಗೂ ಸೂಜಿ ಹಾಕಿದರೆ ಸ್ನಾಯು ಚಕ್ಕಂತ ಒಮ್ಮೆ ಜಿಗಿಯಬಹುದು, ಬೆಚ್ಚಬೇಡಿ, ಅದು ಸರಿಯಾದ ಜಾಗದ ಗುರುತು. ಎಲ್ಲ ಸೇರಿ ಹದಿನೈದು ಇಪ್ಪತ್ತು ನಿಮಿಷ. ಎಕ್ಸ್‌ರೇ ಕಿರಣ ಇಲ್ಲ. ಸೂಜಿಯನ್ನು ಅಲ್ಟ್ರಾಸೌಂಡಿನಲ್ಲಿ ನೋಡುತ್ತಲೇ ತೋಳಿನ ನರಗಳಿಗೆ ಬ್ಲಾಕ್ ಕೊಟ್ಟ ವರದಿಯನ್ನು ವಿಯೆನ್ನಾದ ಅರಿವಳಿಕೆ ವೈದ್ಯರು 1994ರಲ್ಲಿ ಪ್ರಕಟಿಸಿದರು. ನಮ್ಮ ಕೆಲಸದ ರೀತಿಯೇ ಅಲ್ಲಿಂದ ಬದಲಾಯಿತು.

ಕ್ಲಿನಿಕ್ಕಿನ ಗೋಡೆಯ ಮೇಲೆ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಅನ್ನುವ ಬೋರ್ಡ್ ಕಂಡರೆ, ನೋವಿನ ಕ್ಲಿನಿಕ್ಕಿಗೂ ಅದಕ್ಕೂ ಏನು ಸಂಬಂಧ ಅಂತ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ದೇಶದಲ್ಲಿ ಅಲ್ಟ್ರಾಸೌಂಡ್ ಯಂತ್ರ ಯಾವ ಕೆಲಸಕ್ಕೇ ಇರಲಿ, 1994ರ ಕಾಯ್ದೆಯಡಿ ನೋಂದಣಿ ಆಗಲೇಬೇಕು. ಬೋರ್ಡ್ ಇರುವುದು ಒಳ್ಳೆಯ ಲಕ್ಷಣವೇ.

ಶುಗರ್ ವಿಚಾರಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ಇಲ್ಲಿ ನೀವೇ ಬಾಯಿಬಿಟ್ಟು ಕೇಳಬೇಕು. ಅನೇಕ ಕಡೆ ಮರಗಟ್ಟಿಸುವ ಔಷಧದ ಜೊತೆ ಸ್ಟೀರಾಯ್ಡ್ ಬೆರೆಸುವುದು ರೂಢಿ. ಸ್ಟೀರಾಯ್ಡ್ ಹೋದರೆ ಶುಗರ್ ನಾಲ್ಕೈದು ದಿನ, ಕೆಲವರಿಗೆ ಒಂದು ವಾರದವರೆಗೂ ಏರುತ್ತದೆ. ಕೀಲಿನ ಉರಿಯೂತಕ್ಕೆ ಅದರಿಂದ ಪ್ರಯೋಜನವಿದೆ, ಅಲ್ಲಿ ಕೊಡಬೇಕು. ಬರೀ ಸ್ನಾಯುವಿನ ಗಂಟಿಗೆ ಅದರಿಂದ ಹೆಚ್ಚಿನ ಲಾಭ ಇದೆ ಅನ್ನಲು ಒಳ್ಳೆಯ ಪುರಾವೆ ಇಲ್ಲ. ಟ್ರಿಗರ್ ಪಾಯಿಂಟ್ ಸೂಜಿ ಚಿಕಿತ್ಸೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ 2001ರ ಒಂದು ಪರಿಶೀಲನೆಯಲ್ಲಿ, ಯಾವ ಔಷಧ ಹಾಕಿದರು ಅನ್ನುವುದರಿಂದ ಫಲಿತಾಂಶ ಬದಲಾಗಲಿಲ್ಲ ಅಂತಲೇ ಕಂಡುಬಂತು. ಆದ್ದರಿಂದ ‘ಡಾಕ್ಟ್ರೇ, ನನಗೆ ಶುಗರ್ ಇದೆ, ಸ್ಟೀರಾಯ್ಡ್ ಇಲ್ಲದೆ ಕೊಡಲು ಆಗುತ್ತಾ?’ ಅಂತ ಕೇಳಿ. ಕೊಡಲೇಬೇಕಾದ ಕಾರಣ ಅವರಿಗೆ ಇದ್ದರೆ ಹೇಳುತ್ತಾರೆ. ಆಗ ಮುಂದಿನ ಒಂದು ವಾರ ಮನೆಯಲ್ಲೇ ಶುಗರ್ ಚೆಕ್ ಮಾಡಿಕೊಳ್ಳಿ. ಇನ್ನೊಂದು: ನೋವಿನ ಮಾತ್ರೆ ಬಹಳ ತಿಂದಿದ್ದೀರಿ. ಡೈಕ್ಲೊಫಿನಾಕ್, ಅಸಿಕ್ಲೊಫಿನಾಕ್‌ನಂಥವು ಹೊಟ್ಟೆಯನ್ನು ಮಾತ್ರ ಕೆಡಿಸುವುದಿಲ್ಲ, ಶುಗರ್ ಇರುವವರ ಕಿಡ್ನಿಗೂ ಹೊರೆ. ಕ್ರಿಯಾಟಿನಿನ್ ಮತ್ತು ಮೂತ್ರದ ಅಲ್ಬುಮಿನ್ ಪರೀಕ್ಷೆಯನ್ನು ಈ ವಾರವೇ ಮಾಡಿಸಿ. ಬ್ಲಾಕ್ ಮಾಡಿಸಿ, ಬಿಡಿ, ಇದನ್ನಂತೂ ಮಾಡಿಸಿ.

ಪೂರ್ತಿ ವಾಸಿಯಾಗುತ್ತಾ ಅಂತ ಕೇಳಿದ್ದೀರಿ. ಬ್ಲಾಕ್ ಒಂದರಿಂದಲೇ ಆಗುವುದಿಲ್ಲ. ಔಷಧ ಇರುವುದು ಕೆಲವು ಗಂಟೆ. ನೋವು ಕಡಿಮೆಯಾಗುವುದು ಕೆಲವರಿಗೆ ದಿನಗಟ್ಟಲೆ, ಕೆಲವರಿಗೆ ವಾರಗಟ್ಟಲೆ. ಬಿಗಿದ ಸ್ನಾಯು ಒಮ್ಮೆ ಸಡಿಲವಾದರೆ ನೋವು-ಬಿಗಿತ-ನೋವು ಅನ್ನುವ ಸುತ್ತು ಮುರಿಯುತ್ತದೆ ಅನ್ನುವುದು ಒಂದು ವಿವರಣೆ. ಪದರಗಳು ಬಿಡಿಸಿಕೊಂಡು ಸಲೀಸಾಗಿ ಜಾರುತ್ತವೆ ಅನ್ನುವುದು ಇನ್ನೊಂದು. ಕಾರಣ ಏನೇ ಇರಲಿ, ನಿಮ್ಮ ಕೈಗೆ ಸಿಗುವುದು ನೋವಿಲ್ಲದ ಕೆಲವು ವಾರ. ಆ ವಾರಗಳಲ್ಲಿ ಏನು ಮಾಡುತ್ತೀರಿ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ನಾನು ನೋಡುವ ದೊಡ್ಡ ತೊಂದರೆ ಇದೇ. ನೋವು ಹೋಯಿತು ಅಂತ ಬಾಕಿ ಉಳಿದ ಬಟ್ಟೆಯನ್ನೆಲ್ಲ ಒಂದೇ ವಾರದಲ್ಲಿ ಹೊಲಿದು ಮುಗಿಸುತ್ತಾರೆ. ಗಂಟು ವಾಪಸ್ ಬರುತ್ತದೆ. ಬ್ಲಾಕ್ ಕೆಲಸ ಮಾಡಲಿಲ್ಲ ಅಂತ ಹೇಳುತ್ತಾರೆ.

ಅದಕ್ಕೇ ನನ್ನ ಸಲಹೆ ಇಷ್ಟು: ಮೊದಲು ಫಿಸಿಯೋಥೆರಪಿಯ ದಿನ ಗೊತ್ತು ಮಾಡಿ, ಆಮೇಲೆ ಬ್ಲಾಕಿನ ದಿನ. ಬ್ಲಾಕ್ ಆದ ಎರಡು ಮೂರು ದಿನದೊಳಗೆ ಮೊದಲ ಸೆಷನ್ ಶುರುವಾಗಬೇಕು. ಫಿಸಿಯೋ ಅಂದರೆ ಬರೀ ಶಾಖ ಕೊಟ್ಟು, ಕರೆಂಟ್ ಹಿಡಿದು ಕಳಿಸುವುದು ಸಾಲದು. ಸ್ನಾಯುವಿಗೆ ಬಲ ಬರಬೇಕು. ಡೆನ್ಮಾರ್ಕಿನಲ್ಲಿ ಕೆಲಸಕ್ಕೆ ಹೋಗುವ, ನಿಮ್ಮ ಹಾಗೆ ಟ್ರೆಪೀಜಿಯಸ್ ನೋವಿದ್ದ ಹೆಂಗಸರ ಮೇಲೆ ನಡೆಸಿದ ಅಧ್ಯಯನ 2008ರಲ್ಲಿ ಬಂತು. ವಾರಕ್ಕೆ ಮೂರು ಸಲ, ಸಲಕ್ಕೆ ಇಪ್ಪತ್ತು ನಿಮಿಷ, ಹತ್ತು ವಾರ. ಒಂದು ಗುಂಪಿಗೆ ಕುತ್ತಿಗೆ-ಹೆಗಲಿನ ಸ್ನಾಯುಗಳಿಗೇ ಭಾರ ಎತ್ತುವ ವ್ಯಾಯಾಮ, ಇನ್ನೊಂದು ಗುಂಪಿಗೆ ಸೈಕಲ್ ತುಳಿಯುವ ವ್ಯಾಯಾಮ. ಭಾರ ಎತ್ತಿದವರ ನೋವು ಚೆನ್ನಾಗಿ ಇಳಿಯಿತು, ವ್ಯಾಯಾಮ ನಿಲ್ಲಿಸಿದ ಮೇಲೂ ಬೇಗ ವಾಪಸ್ ಬರಲಿಲ್ಲ. ಸೈಕಲ್ ತುಳಿದವರಿಗೆ ಆದ ಲಾಭ ಅಲ್ಪ. ನೋವು ಜೋರಾಗಿರುವಾಗ ಭಾರ ಎತ್ತು ಅಂದರೆ ಅನೇಕರಿಗೆ ಆಗುವುದಿಲ್ಲ, ಅಲ್ವಾ? ಬ್ಲಾಕ್ ಕೊಡುವ ಬಿಡುವು ಬೇಕಾಗಿರುವುದು ಅದಕ್ಕೇ. ಅರ್ಧ ಕೇಜಿ, ಒಂದು ಕೇಜಿಯಿಂದ ಶುರು ಮಾಡಿ ಮೆಲ್ಲಗೆ ಏರಿಸಿಕೊಳ್ಳಿ. ಫಿಸಿಯೋ ಹೇಳಿಕೊಟ್ಟ ಮೇಲೆ ಮನೆಯಲ್ಲೇ ಮಾಡಬಹುದು.

ನೀವು ಕೆಲಸ ಮಾಡುವ ಜಾಗವನ್ನೂ ಸ್ವಲ್ಪ ನೋಡಬೇಕು. ನೆಲದ ಮೇಲೆ ಬಟ್ಟೆ ಹರಡಿ ಕಟಿಂಗ್ ಮಾಡುತ್ತೀರಾ? ಅದನ್ನು ಸೊಂಟದೆತ್ತರದ ಟೇಬಲ್ಲಿಗೆ ಏರಿಸಿ. ಮೆಷೀನಿನ ಮುಂದೆ ಕೂತಾಗ ಮೊಣಕೈ ಮೆಷೀನ್ ಹಲಗೆಯ ಮಟ್ಟಕ್ಕೇ ಬರಬೇಕು. ಸ್ಟೂಲ್ ಕುಳ್ಳಗಿದ್ದರೆ ಇಡೀ ದಿನ ಹೆಗಲು ಎತ್ತಿ ಹಿಡಿದೇ ಇರುತ್ತೀರಿ, ನಿಮಗೆ ಗೊತ್ತೇ ಆಗುವುದಿಲ್ಲ. ಹೆಮ್ಮಿಂಗ್, ಹುಕ್ಕು ಹಾಕುವ ಕೈಹೊಲಿಗೆಗೆ ತಲೆ ತಗ್ಗಿಸುವ ಬದಲು ತೊಡೆಯ ಮೇಲೆ ದಿಂಬಿಟ್ಟು ಬಟ್ಟೆಯನ್ನೇ ಮೇಲೆ ತನ್ನಿ. ಸೂಜಿಯ ಕಡೆಗೆ ಒಂದು ಒಳ್ಳೇ ಲೈಟ್ ಹಾಕಿಸಿ. ಕಣ್ಣು ಕಾಣದಿದ್ದರೆ ಕುತ್ತಿಗೆ ಮುಂದೆ ಹೋಗುತ್ತದೆ. ನಲವತ್ತು ದಾಟಿದೆ, ಓದುವ ಕನ್ನಡಕದ ಪರೀಕ್ಷೆಯೂ ಆಗಲಿ. ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡಿ.

ಬ್ಲಾಕ್ ಆದ ದಿನ ಒಂದು ಕೆಲಸ ತಪ್ಪದೆ ಮಾಡಿ. ಮಗಳ ನೋಟ್‌ಬುಕ್ಕೋ, ಅಳತೆ ಬರೆಯುವ ಪುಸ್ತಕವೋ, ಯಾವುದಾದರೂ ತಗೊಂಡು ಮೊದಲ ಆರು ಗಂಟೆ ಗಂಟೆಗೊಮ್ಮೆ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಬರೆಯಿರಿ. ಆಮೇಲೆ ದಿನಕ್ಕೊಮ್ಮೆ ಸಾಕು. ಔಷಧ ಕೆಲಸ ಮಾಡುವ ಆ ಗಂಟೆಗಳಲ್ಲಿ ನೋವು ಎಂಟರಿಂದ ಎರಡಕ್ಕೋ ಮೂರಕ್ಕೋ ಇಳಿದರೆ, ನೋವು ಹುಟ್ಟುವ ಜಾಗ ಬಹುತೇಕ ಅದೇ. ಜಾಗ ಮರಗಟ್ಟಿದೆ, ಆದರೂ ನೋವು ಎಂಟೇ ಇದೆ ಅಂದರೆ ಮೂಲ ಬೇರೆಲ್ಲೋ ಇದೆ. ಕುತ್ತಿಗೆಯ ಸಣ್ಣ ಕೀಲುಗಳಲ್ಲಿರಬಹುದು, ಹೆಗಲ ಕೀಲಿನಲ್ಲಿರಬಹುದು. ಆಗ ಅದೇ ಬ್ಲಾಕನ್ನು ಮತ್ತೆ ಮಾಡಿಸುವುದು ಸುಮ್ನೆ ದುಡ್ಡು ದಂಡ. ಡಾಕ್ಟರಿಗೆ ಆ ಪುಟ ತೋರಿಸಿ. ಯಾವ ಸ್ಕ್ಯಾನೂ ಕೊಡದ ಮಾಹಿತಿ ಅದರಲ್ಲಿರುತ್ತದೆ.

ಮಾಡಿಸುತ್ತಲೇ ಇರಬೇಕಾ? ಇಲ್ಲ, ಚಟ ಹಿಡಿಸುವ ಔಷಧ ಇದಲ್ಲ. ಒಮ್ಮೆ ಮಾಡಿಸಿ ಆರಾಮ ಸಿಕ್ಕರೆ, ಕೆಲವು ವಾರದ ನಂತರ ನೋವು ತಿರುಗಿ ಬಂದರೆ ಎರಡನೆಯದು ಕೊಡಬಹುದು. ಎರಡನೆಯದರ ಆರಾಮ ಮೊದಲನೆಯದಕ್ಕಿಂತ ಹೆಚ್ಚು ದಿನ ಇರಬೇಕು. ಮೂರರವರೆಗೂ ಹಾಗೆ ಆಗದಿದ್ದರೆ ನಾನಾದರೆ ನಿಲ್ಲಿಸಿ ಮತ್ತೆ ಮೊದಲಿಂದ ಪರೀಕ್ಷೆ ಮಾಡುತ್ತೇನೆ. ‘ಐದು ಬ್ಲಾಕ್ ಪ್ಯಾಕೇಜ್, ಮುಂಗಡ ಕಟ್ಟಿ’ ಅಂದರೆ ಕಟ್ಟಬೇಡಿ. ನೋವು ಹೆಗಲಲ್ಲಿ ಮಾತ್ರವಲ್ಲ, ಮೈಯೆಲ್ಲ ಹರಡಿದೆ, ನಿದ್ದೆ ಇಲ್ಲ, ಬೆಳಗ್ಗೆ ಏಳುವಾಗಲೇ ಸುಸ್ತು ಅನ್ನುವವರಿಗೆ ಇಂಥ ಬ್ಲಾಕ್‌ನಿಂದ ಸಿಗುವುದು ಕಡಿಮೆ. ನಿಮಗೂ ಹಾಗೇನಾದರೂ ಇದ್ದರೆ ಮೊದಲೇ ಹೇಳಿಬಿಡಿ.

ಕೊನೆಯದಾಗಿ ಸುರಕ್ಷತೆ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ, ಮರಗಟ್ಟಿಸುವ ಔಷಧಕ್ಕೆ ಹಿಂದೆ ಅಲರ್ಜಿ ಆಗಿದ್ದರೆ ಮುಂಚೆಯೇ ತಿಳಿಸಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಔಷಧದ ಪ್ರಮಾಣಕ್ಕೆ ಮಿತಿ ಇದೆ. ಬರೀ ಲಿಗ್ನೊಕೇನ್ ಆದರೆ ಒಂದು ಕೇಜಿ ತೂಕಕ್ಕೆ 4.5 ಮಿಲಿಗ್ರಾಂ ಮೀರುವುದಿಲ್ಲ. ಅದಕ್ಕೇ ತೂಕ ನೋಡುತ್ತಾರೆ. ಔಷಧ ರಕ್ತನಾಳಕ್ಕೆ ಹೋದರೆ ಬಾಯಿ ಸುತ್ತ ಜೋಮು, ನಾಲಿಗೆಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಅನ್ನುವ ಸದ್ದು ಬರುತ್ತದೆ. ಬಂದ ಕೂಡಲೇ ಬಾಯಿಬಿಟ್ಟು ಹೇಳಿ, ತಡೆದುಕೊಂಡು ಮಲಗಬೇಡಿ. ಇದು ಅಪರೂಪ, ಆದರೆ ಇದಕ್ಕೆ ತಕ್ಷಣ ಕೊಡುವ ಲಿಪಿಡ್ ಔಷಧ, ಆಕ್ಸಿಜನ್, ನಾಡಿ-ಬಿಪಿ ನೋಡುವ ಮಾನಿಟರ್ ಇರುವ ಜಾಗದಲ್ಲೇ ಬ್ಲಾಕ್ ಮಾಡಿಸಿ. ಆದ ಮೇಲೆ ಕಡೇಪಕ್ಷ ಅರ್ಧ ಗಂಟೆ ಅಲ್ಲೇ ಕೂತಿರಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ಸೂಜಿ ಹಾಕಿದ ಜಾಗ ಒಂದೆರಡು ದಿನ ನೋಯುವುದು ಸಹಜ, ಐಸ್ ಇಟ್ಟರೆ ಸಾಕು. ಜಾಗ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ಅದೇ ಡಾಕ್ಟರಿಗೆ ತೋರಿಸಿ, ಶುಗರ್ ಇರುವವರು ಇದನ್ನು ಹಗುರವಾಗಿ ತಗೊಳ್ಳಬಾರದು. ಆ ರಾತ್ರಿಯಾಗಲಿ ಮಾರನೇ ದಿನವಾಗಲಿ ಉಸಿರಾಡುವಾಗ ಎದೆಯ ಒಂದು ಪಕ್ಕ ಚುಚ್ಚಿದರೆ, ಏದುಸಿರು ಬಂದರೆ ಸೂಜಿ ಶ್ವಾಸಕೋಶದ ಪೊರೆಗೆ ತಗುಲಿರಬಹುದು, ಬೆಳಗಾಗಲಿ ಅಂತ ಕಾಯಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ ‘ಹೆಗಲ ಹಿಂದೆ ಬ್ಲಾಕ್ ಆಗಿದೆ’ ಅಂತ ಹೇಳಿ. ಏನು ನೋಡಬೇಕು ಅನ್ನುವುದು ಅಲ್ಲಿನ ಡಾಕ್ಟರಿಗೆ ಅಷ್ಟರಲ್ಲೇ ಗೊತ್ತಾಗುತ್ತದೆ.